ಪಾದ್ರಿ ಪ್ರೀಮಿಯರ್ ಆದರೆ ಚರ್ಚೇ ಸರ್ಕಾರ ನಡೆಸಿದ ಹಾಗಲ್ವಾ?

ಓದುಗರ ಪ್ರಶ್ನೆ: ಕೆನಡಾದ ಟಾಮಿ ಡಗ್ಲಸ್ ಬ್ಯಾಪ್ಟಿಸ್ಟ್ ಪಾದ್ರಿ. ಅಂಥವರು 17 ವರ್ಷ ಒಂದು ಪ್ರಾಂತ್ಯ ಆಳಿದರೆ, ಧರ್ಮ ರಾಜಕೀಯಕ್ಕೆ ಕೈ ಹಾಕಿದ ಹಾಗಾಗಲಿಲ್ವಾ?

ಅನುಮಾನ ಬರೋದು ಸಹಜ. ಆದರೆ ಡಗ್ಲಸ್ ಅವರನ್ನು ರಾಜಕೀಯಕ್ಕೆ ದೂಡಿದ್ದು ಬಡವರ ಆಸ್ಪತ್ರೆ ಖರ್ಚು.

ಅವರು ಹುಟ್ಟಿದ್ದು 1904ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಚಿಕ್ಕವರಿದ್ದಾಗ ಕಾಲಿನ ಮೂಳೆಗೆ ಸೋಂಕು ತಗಲಿತು. ಮನೆಯವರ ಹತ್ತಿರ ದುಡ್ಡಿಲ್ಲ. ಕೆನಡಾಕ್ಕೆ ವಲಸೆ ಬಂದ ಮೇಲೆ ವಿನ್ನಿಪೆಗ್ ನಗರದಲ್ಲಿ ಕಾಲನ್ನೇ ಕತ್ತರಿಸಬೇಕು ಎನ್ನುವ ಮಾತು ಬಂತು. ಅಷ್ಟರಲ್ಲಿ ಒಬ್ಬ ಸರ್ಜನ್, ತನ್ನ ವಿದ್ಯಾರ್ಥಿಗಳು ನೋಡಿ ಕಲಿಯಲು ಬಿಟ್ಟರೆ ಪುಕ್ಕಟೆ ಆಪರೇಷನ್ ಮಾಡ್ತೀನಿ ಅಂದರು. ಕಾಲು ಉಳಿಯಿತು. ಆ ಡಾಕ್ಟರ್ ಸಿಗದಿದ್ದರೆ? ಈ ಪ್ರಶ್ನೆ ಅವರನ್ನು ಕೊನೆತನಕ ಬಿಡಲಿಲ್ಲ.

1930ರಲ್ಲಿ ಸಸ್ಕಾಚವಾನ್ ಪ್ರಾಂತ್ಯದ ವೇಬರ್ನ್ ಊರಿನ ಚರ್ಚಿಗೆ ಪಾದ್ರಿಯಾದರು. ಅದು ಬರಗಾಲ, ಮಹಾ ಆರ್ಥಿಕ ಕುಸಿತ ಎರಡೂ ಒಟ್ಟಿಗೆ ಬಂದ ಕಾಲ. ಪ್ರಾರ್ಥನೆಯ ಜತೆ ಬಟ್ಟೆ, ದವಸ ಹಂಚುವುದೂ ಪಾದ್ರಿಯ ಕೆಲಸವೇ ಆಯಿತು. 1935ರಲ್ಲಿ ಚುನಾವಣೆಗೆ ನಿಲ್ಲಲು ಹಿಂದೆಮುಂದೆ ನೋಡುತ್ತಿದ್ದಾಗ ಚರ್ಚಿನ ಮೇಲಿನವರೊಬ್ಬರು, ನಿಂತರೆ ನಿಮಗೆ ಇನ್ನೆಲ್ಲೂ ಚರ್ಚ್ ಸಿಗದಂತೆ ಮಾಡ್ತೀವಿ ಎಂದು ಗದರಿಸಿದರಂತೆ. ಅದನ್ನು ಕೇಳಿಯೇ ನಿಲ್ಲೋದು ಗಟ್ಟಿಮಾಡಿಕೊಂಡೆ ಎಂದು ಡಗ್ಲಸ್ ಹೇಳಿಕೊಳ್ಳುತ್ತಿದ್ದರು. ಚರ್ಚಿನ ಒಪ್ಪಿಗೆ ಅಷ್ಟರಮಟ್ಟಿಗಿತ್ತು!

ಗೆದ್ದು ಸಂಸತ್ತಿಗೆ ಹೋದರು. 1944ರಲ್ಲಿ ಪ್ರಾಂತ್ಯಕ್ಕೆ ಮರಳಿ, 52ರಲ್ಲಿ 47 ಸ್ಥಾನ ಗೆದ್ದ ಪಕ್ಷದ ನಾಯಕರಾಗಿ ಪ್ರೀಮಿಯರ್ ಆದರು. ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. 1947ರಲ್ಲಿ ಆಸ್ಪತ್ರೆ ವಿಮೆ ತಂದರು. ತಲೆಗೆ ವರ್ಷಕ್ಕೆ 5 ಡಾಲರ್ ಕಟ್ಟಿದರೆ ಆಸ್ಪತ್ರೆ ಖರ್ಚು ಸರ್ಕಾರದ್ದು.

ಅವರದ್ದೆಲ್ಲ ಸರಿಯಿತ್ತು ಅಂತಲ್ಲ. 1933ರ ಎಂ.ಎ. ಪ್ರಬಂಧದಲ್ಲಿ, ಬುದ್ಧಿಮಾಂದ್ಯರೆನಿಸಿದವರಿಗೆ ಸಂತಾನಹರಣ ಮಾಡಬೇಕು ಎಂದು ಬರೆದಿದ್ದರು. ಪುಣ್ಯಕ್ಕೆ ಅಧಿಕಾರ ಬಂದಾಗ ಅದನ್ನು ಜಾರಿಗೆ ತರಲಿಲ್ಲ.

ಇನ್ನೊಂದು ತಮಾಷೆ. ವಿರೋಧಿಗಳು ಈ ಪಾದ್ರಿಗೆ ಹಚ್ಚಿದ ಹಣೆಪಟ್ಟಿ ಕಮ್ಯುನಿಸ್ಟ್ ಅಂತ. ಕೆನಡಾದ ಪೊಲೀಸರು ದಶಕಗಟ್ಟಲೆ ಅವರ ಮೇಲೆ ಗುಪ್ತ ಫೈಲ್ ಇಟ್ಟಿದ್ದರು.

ಡಾಕ್ಟರ್ ಫೀಸನ್ನೂ ಸರ್ಕಾರವೇ ಕೊಡುವ ಯೋಜನೆ 1962ರ ಜುಲೈ 1ರಂದು ಶುರುವಾಯಿತು. ಆಗ ಡಗ್ಲಸ್ ರಾಷ್ಟ್ರ ರಾಜಕಾರಣಕ್ಕೆ ಹೋಗಿದ್ದರು, ವುಡ್ರೋ ಲಾಯ್ಡ್ ಪ್ರೀಮಿಯರ್ ಆಗಿದ್ದರು. ಡಾಕ್ಟರುಗಳು 23 ದಿನ ಮುಷ್ಕರ ಹೂಡಿದರು. ಅದಕ್ಕೂ ಮೊದಲು, ಜೂನ್‌ನಲ್ಲಿ ನಡೆದ ಸಂಸತ್ ಚುನಾವಣೆಯಲ್ಲಿ ಡಗ್ಲಸ್ ಪ್ರಾಂತ್ಯದ ರಾಜಧಾನಿ ರೆಜೈನಾದಲ್ಲಿ ಸೋತಿದ್ದರು. ಯೋಜನೆ ಮಾತ್ರ ಉಳಿದುಕೊಂಡಿತು. 1966ರಲ್ಲಿ ಅದೇ ಮಾದರಿಗೆ ಕೆನಡಾ ಸಂಸತ್ತು ಕಾನೂನು ಮಾಡಿತು.