ಹಗೇವು ಖಾಲಿಯಾಗುವವರೆಗೆ ಎಲ್ಲ ಚೆಂದ

ಎಣ್ಣೆ, ಹಾಲು, ಮೊಸರು ಎಲ್ಲ ಬಿಟ್ಟು ಬರೀ ರೊಟ್ಟಿ, ಬೇಳೆ, ಸೊಪ್ಪಿನ ಮೇಲೆ ಇರುವವರು ಆರು ತಿಂಗಳಿಗೆ ಹೇಳುತ್ತಾರೆ: 'ತೂಕ ಇಳಿದಿದೆ, ನನಗೇನೂ ಆಗಿಲ್ಲ.' ಅದು ನಿಜ. ಆದರೆ ಆರು ತಿಂಗಳು ಏನನ್ನೂ ಸಾಬೀತು ಮಾಡುವುದಿಲ್ಲ.

1929ರಲ್ಲಿ ಅಮೆರಿಕದ ಮಿನ್ನೆಸೋಟದ ವಿಜ್ಞಾನಿಗಳಾದ ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಎಳೆಯ ಇಲಿಗಳಿಗೆ ಕೊಬ್ಬಿಲ್ಲದ ಆಹಾರ ಹಾಕಿದರು. ಬಾಲದ ಚರ್ಮ ಹೊಟ್ಟೆದ್ದಿತು, ಬೆಳವಣಿಗೆ ನಿಂತಿತು. ಅದೇ ತಂಡ ವಯಸ್ಕ ಮನುಷ್ಯನೊಬ್ಬನನ್ನು ಆರು ತಿಂಗಳು ಹಾಗೇ ಇರಿಸಿ 1938ರಲ್ಲಿ ವರದಿ ಮಾಡಿತು: ಅವನಿಗೆ ಏನೂ ಆಗಲಿಲ್ಲ! ಯಾಕೆಂದರೆ ಅವನ ಹಗೇವು, ಅಂದರೆ ಮೈಯಲ್ಲಿ ಕೂಡಿಟ್ಟ ಕೊಬ್ಬು, ತುಂಬಿತ್ತು. ಬರ ಬಿದ್ದ ವರ್ಷವೂ ನೆಲದಡಿಯ ಹಗೇವಿನಲ್ಲಿ ಜೋಳವಿದ್ದ ಮನೆಯ ಒಲೆ ಉರಿಯುತ್ತಿತ್ತಲ್ಲ, ಹಾಗೆ. ಮೈಯ ಕೊಬ್ಬಿನಲ್ಲಿ ಲಿನೋಲೆಯಿಕ್ ಆಮ್ಲ (ದೇಹ ತಾನೇ ತಯಾರಿಸಲಾರದ, ಊಟದಿಂದಲೇ ಬರಬೇಕಾದ ಕೊಬ್ಬಿನಾಮ್ಲ) ನೂರಕ್ಕೆ ಹತ್ತರ ಆಸುಪಾಸು ಇರುತ್ತದೆ. ಎಂಟು ಕಿಲೋ ಇಳಿದರೆ ಆರೇಳು ನೂರು ಗ್ರಾಂ ಹೊರಬರುತ್ತದೆ. ದಿನಕ್ಕೆ ಬೇಕಾದ್ದು ಐದಾರು ಗ್ರಾಂ. ಅಲ್ಲಿಗೆ ನಾಲ್ಕು ತಿಂಗಳು ಕಳೆಯಿತು. ತೂಕ ಇಳಿಯುವುದು ನಿಂತ ದಿನ ಹಗೇವಿನ ಬಾಯಿ ಮುಚ್ಚಿತು, ನಿಜವಾದ ಪರೀಕ್ಷೆ ಶುರುವಾಗುವುದೇ ಆಗ.

400 ಗ್ರಾಂ ಜೋಳದಲ್ಲಿ ಸುಮಾರು 8 ಗ್ರಾಂ ಕೊಬ್ಬು, ಬೇಳೆಯಲ್ಲಿ ಒಂದು ಗ್ರಾಂ. 2000 ಕ್ಯಾಲೊರಿ ಉಣ್ಣುವವರಿಗೆ ಅದರ ಶೇ 10 ಕೊಬ್ಬಿನಿಂದ ಬರಬೇಕು ಅಂದರೂ 22 ಗ್ರಾಂ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಹೇಳುವ ಕನಿಷ್ಠ ಶೇ 15. ಈ ಕೊರತೆ ತುಂಬಲು ಶೇಂಗಾ, ಗುರೆಳ್ಳು, ಕುಸುಬಿ ಸಾಕು, ಆದರೆ ಮೂರರಲ್ಲೂ ಊಟದಿಂದಲೇ ಬರಬೇಕಾದ ಇನ್ನೊಂದು ಕೊಬ್ಬಿನಾಮ್ಲ ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಅಗಸಿಯೇ ಬೇಕು. ಹತ್ತು ಗ್ರಾಂ ಅಗಸಿಯಲ್ಲಿ ಎರಡು ಗ್ರಾಂ ಸಿಗುತ್ತದೆ, ದಿನಕ್ಕೆ ಬೇಕಾದ್ದು ಒಂದು ಗ್ರಾಂ ಚಿಲ್ಲರೆ. ಸಣ್ಣ ಉರಿಯಲ್ಲಿ ಹುರಿದು, ಚಟಪಟ ಅಂದಕೂಡಲೇ ಇಳಿಸಿ, ಆರಿದ ಮೇಲೆ ಬೆಳ್ಳುಳ್ಳಿ, ಖಾರ, ಉಪ್ಪು ಹಾಕಿ ಕುಟ್ಟಿ. ಇಡೀ ಕಾಳು ನುಂಗಿದರೆ ಸಿಪ್ಪೆ ಒಡೆಯದೆ ಹಾಗೇ ಹೊರಹೋಗುತ್ತದೆ. ಕುಟ್ಟಿದ್ದು ಬೇಗ ಕಮಟುತ್ತದೆ. ಬಿಗಿ ಡಬ್ಬಿಯಲ್ಲಿಟ್ಟು, ವಾರಕ್ಕಾಗುವಷ್ಟೇ ಮಾಡಿ. ಪುಂಡಿ ಪಲ್ಯದ ಜೊತೆಗೇ ಈ ಹಿಂಡಿ (ಚಟ್ನಿಪುಡಿ) ತಿನ್ನಿ, ಸೊಪ್ಪಿನ ಕ್ಯಾರೊಟಿನ್ (ಎ ಜೀವಸತ್ವದ ಮೂಲ) ಕೊಬ್ಬಿಲ್ಲದೆ ಮೈಗೆ ಹತ್ತದು.

ಹೃದ್ರೋಗಿಗಳಿಗೆ ಶೇ 10ರಷ್ಟೇ ಕೊಬ್ಬಿನ ಆಹಾರ ಕೊಟ್ಟ ಅಮೆರಿಕದ ವೈದ್ಯ ಡೀನ್ ಆರ್ನಿಶ್ ಅವರ ಐದು ವರ್ಷದ ಫಲಿತಾಂಶ 1998ರಲ್ಲಿ ಬಂತು. ಅದನ್ನು ವೀಗನ್ (ಹಾಲು, ಮೊಟ್ಟೆಯೂ ಇಲ್ಲದ) ಆಹಾರದ ಗೆಲುವೆಂದು ತೋರಿಸುವುದು ತಪ್ಪು: ಕೆನೆ ತೆಗೆದ ಹಾಲು, ಮೊಟ್ಟೆಯ ಬಿಳಿಗೆ ಅದರಲ್ಲಿ ಅವಕಾಶವಿತ್ತು.

ಬಿ12 ಜೀವಸತ್ವದ ಹಗೇವು ಇನ್ನೂ ಆಳ, ಯಕೃತ್ತಿನ ದಾಸ್ತಾನು ವರ್ಷಗಟ್ಟಲೆ ಬರುತ್ತದೆ. ಅಗಸಿಯಲ್ಲೂ ಅದಿಲ್ಲ, ದಿನಕ್ಕೆ 10 ಮೈಕ್ರೋಗ್ರಾಂ, ಇಲ್ಲವೇ ವಾರಕ್ಕೊಮ್ಮೆ 2000 ಮೈಕ್ರೋಗ್ರಾಂ ಗುಳಿಗೆ ಬೇಕು. ತೊಗರಿ ಕಣಜವಾದ ಕಲಬುರಗಿಯವರು ಒಂದು ಮಾತು ನೆನಪಿಡಬೇಕು: ಬೇಳೆ, ಸೊಪ್ಪಿನ ಫೋಲೇಟ್ (ಇನ್ನೊಂದು ಬಿ ಜೀವಸತ್ವ) ಬಿ12 ಕೊರತೆಯ ರಕ್ತಹೀನತೆಯನ್ನು ಮರೆಮಾಡಬಲ್ಲದು. ಹಿಮೋಗ್ಲೋಬಿನ್ ಸರಿಯಿದ್ದರೂ ಅಂಗಾಲು ಜುಮುಗುಡುತ್ತಿದ್ದರೆ ಬಿ12 ಪರೀಕ್ಷೆಯನ್ನೇ ಕೇಳಿ ಮಾಡಿಸಿ.