ಬೈರೂತಿನ ಬ್ಯಾಂಕಿಗೆ ವಾಷಿಂಗ್ಟನ್ನಿನ ಭಯ: ಹಿಜ್ಬುಲ್ಲಾ ದುಡ್ಡಿನ ದಾರಿ ಮುಚ್ಚಲು ಹೊರಟ ಕಾಯ್ದೆಯ ಕತೆ

2016ರ ಜೂನ್ 12, ಭಾನುವಾರ ಸಂಜೆ. ಬೈರೂತಿನ ವರ್ದೂನ್ ಪ್ರದೇಶದಲ್ಲಿ ಬ್ಲೋಮ್ ಬ್ಯಾಂಕಿನ ಮುಖ್ಯ ಕಚೇರಿಯ ಹೊರಗೆ ಬಾಂಬ್ ಸಿಡಿಯಿತು. ರಂಜಾನ್ ತಿಂಗಳು, ಇಫ್ತಾರ್ ಹೊತ್ತು. ಜನ ಊಟಕ್ಕೆ ಮನೆ ಸೇರಿದ್ದರಿಂದ ಬೀದಿ ಖಾಲಿ ಇತ್ತು, ಯಾರೂ ಸಾಯಲಿಲ್ಲ. ಇದು ನಮ್ಮದೇ ಕೆಲಸ ಅಂತ ಯಾರೂ ಹೇಳಿಕೊಳ್ಳಲಿಲ್ಲ. ಆದರೆ ಆ ರಾತ್ರಿ ಲೆಬನಾನಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಲೆಬನಾನಿನ ಶಿಯಾ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾದ ದುಡ್ಡು ತಡೆಯಲು ಆರು ತಿಂಗಳ ಹಿಂದೆ ಅಮೆರಿಕದಲ್ಲಿ ಬಂದ ಒಂದು ಕಾಯ್ದೆಯ ಮಾತು.

ವಾಷಿಂಗ್ಟನ್ನಿನಲ್ಲಿ ಬರೆದ ಕಾಯ್ದೆ ಬೈರೂತಿನ ಬ್ಯಾಂಕನ್ನು ಯಾಕೆ ನಡುಗಿಸಬೇಕು? ಇದು ಅರ್ಥವಾಗಬೇಕಾದರೆ ಸುಮಾರು 40 ವರ್ಷ ಹಿಂದಕ್ಕೆ ಹೋಗಬೇಕು.

1977ರಲ್ಲಿ ಅಮೆರಿಕ ಒಂದು ಕಾಯ್ದೆ ಮಾಡಿತು. ಹೊರದೇಶದಿಂದ ಅಪಾಯ ಬಂದಿದೆ ಅಂತ ಅಧ್ಯಕ್ಷರು ತುರ್ತು ಪರಿಸ್ಥಿತಿ ಘೋಷಿಸಿದರೆ ಸಾಕು, ಆ ದೇಶದ ಆಸ್ತಿಯನ್ನು ಅಮೆರಿಕದಲ್ಲಿ ತಡೆಹಿಡಿಯಬಹುದು. 1979ರಲ್ಲಿ ಟೆಹ್ರಾನಿನ ಅಮೆರಿಕ ರಾಯಭಾರ ಕಚೇರಿಯವರನ್ನು ಒತ್ತೆ ಇಟ್ಟುಕೊಂಡಾಗ ಜಿಮ್ಮಿ ಕಾರ್ಟರ್ ಇರಾನಿನ ಹಣ ತಡೆದಿದ್ದು ಇದೇ ಅಧಿಕಾರದಿಂದ. ಆಗ ಗುರಿ ದೇಶಗಳು, ಗುಂಪುಗಳಲ್ಲ.

ಗುಂಪುಗಳ ಕಡೆಗೆ ಇದನ್ನು ತಿರುಗಿಸಿದ್ದು ಬಿಲ್ ಕ್ಲಿಂಟನ್. 1995ರ ಜನವರಿ 23ರಂದು ಅವರು ಹೊರಡಿಸಿದ ಆದೇಶದಲ್ಲಿ 12 ಸಂಘಟನೆಗಳ ಹೆಸರಿತ್ತು. ಮಧ್ಯಪ್ರಾಚ್ಯದ ಶಾಂತಿ ಮಾತುಕತೆಗೆ ಅಡ್ಡಿ ಮಾಡುವವರು ಎಂಬುದು ಕಾರಣ. ಹಮಾಸ್, ಹಿಜ್ಬುಲ್ಲಾ ಆ ಪಟ್ಟಿಯಲ್ಲಿದ್ದವು, ಕಾಖ್, ಕಹಾನೆ ಖಾಯ್ ಎಂಬ ಯಹೂದಿ ಉಗ್ರರ ಗುಂಪುಗಳೂ ಇದ್ದವು. ಮರುವರ್ಷ ಬಂದ ಕಾಯ್ದೆ ಇಂಥ ಸಂಘಟನೆಗೆ ದುಡ್ಡು ಅಥವಾ ಬೇರೆ ನೆರವು ಕೊಡುವುದನ್ನೇ ಅಪರಾಧ ಮಾಡಿತು. ಕೇಳಲು ಗಟ್ಟಿಯಾಗಿದೆ, ಅಲ್ವಾ? ಆದರೆ ಉಗ್ರರ ಗುಂಪು ತನ್ನ ಹೆಸರಲ್ಲೇ ನ್ಯೂಯಾರ್ಕಿನಲ್ಲಿ ಖಾತೆ ತೆರೆದು ಕೂತಿರುವುದಿಲ್ಲ. ತಡೆಯಲು ಅಲ್ಲಿ ಸಿಗುತ್ತಿದ್ದ ಹಣವೇ ಕಮ್ಮಿ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಎಲ್ಲಕ್ಕೂ ವೇಗ ಬಂತು. ಅದೇ ತಿಂಗಳ 23ರಂದು ಜಾರ್ಜ್ ಬುಷ್ ಉಗ್ರರ ಮತ್ತು ಅವರಿಗೆ ನೆರವಾಗುವವರ ಆಸ್ತಿ ತಡೆಯುವ ಹೊಸ ಆದೇಶ ಹೊರಡಿಸಿದರು. 28ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1373ನೇ ನಿರ್ಣಯ ಮಾಡಿ, ಭಯೋತ್ಪಾದಕರ ಹಣ ತಡೆಯುವುದನ್ನು ಎಲ್ಲ ದೇಶಗಳಿಗೂ ಕಡ್ಡಾಯ ಮಾಡಿತು. ಆ ಅವಸರದಲ್ಲಿ ಆದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು, ಯಾಕಂದ್ರೆ ಇಂಥ ಕಾಯ್ದೆಯ ಬಗ್ಗೆ ನನಗಿರುವ ಆತಂಕಕ್ಕೆಲ್ಲ ಅದೇ ಮೂಲ.

ಸೊಮಾಲಿಯಾದಲ್ಲಿ 1991ರಿಂದ ಸರ್ಕಾರವೇ ಇರಲಿಲ್ಲ. ಬ್ಯಾಂಕೂ ಇರಲಿಲ್ಲ. ಹೊರದೇಶಕ್ಕೆ ದುಡಿಯಲು ಹೋದವರು ಮನೆಗೆ ದುಡ್ಡು ಕಳಿಸುತ್ತಿದ್ದದ್ದು ಅಲ್ ಬರಕಾತ್ ಎಂಬ ಕಂಪನಿಯ ಮೂಲಕ. ನಮ್ಮ ಕಡೆ ಹವಾಲ, ಹುಂಡಿ ಅನ್ನುತ್ತೇವಲ್ಲ, ಹೆಚ್ಚುಕಮ್ಮಿ ಅದೇ ರೀತಿ. ಅಲ್ಲಿ ಕೊಟ್ಟರೆ ಇಲ್ಲಿ ಸಿಗುತ್ತದೆ, ನಡುವೆ ಇರುವುದು ನಂಬಿಕೆ. 2001ರ ನವೆಂಬರ್ 7ರಂದು ಅಮೆರಿಕ ಅದನ್ನು ಅಲ್ ಖೈದಾದ ಹಣದ ಕಾಲುವೆ ಎಂದು ಪಟ್ಟಿಗೆ ಸೇರಿಸಿತು. ಕಚೇರಿಗಳಿಗೆ ಬೀಗ ಬಿತ್ತು. ಅದೇ ಕಂಪನಿ ಫೋನನ್ನೂ ನಡೆಸುತ್ತಿದ್ದರಿಂದ ಫೋನ್ ಸಂಪರ್ಕಕ್ಕೂ ಪೆಟ್ಟು ಬಿತ್ತು. ಮುಂದೆ ಸೆಪ್ಟೆಂಬರ್ 11ರ ದಾಳಿಯ ತನಿಖಾ ಆಯೋಗದ ಸಿಬ್ಬಂದಿಯೇ ಈ ಪ್ರಕರಣ ಪರಿಶೀಲಿಸಿದರು. ಕಂಪನಿ ಅಲ್ ಖೈದಾಗೆ ದುಡ್ಡು ಕೊಟ್ಟಿತ್ತು ಎನ್ನಲು ಗಟ್ಟಿ ಸಾಕ್ಷಿ ಸಿಗಲಿಲ್ಲ. ವಿಶ್ವಸಂಸ್ಥೆಯೂ ಅದನ್ನು ತನ್ನ ಪಟ್ಟಿಗೆ ಹಾಕಿತ್ತು, ಅಲ್ಲಿಂದ ಅದರ ಹೆಸರು ಹೋಗಿದ್ದು 2012ರಲ್ಲಿ. ಮಗ ಕಳಿಸಿದ 100 ಡಾಲರಿಗೆ ಕಾದು ಕೂತ ತಾಯಿ ಹತ್ತು ವರ್ಷ ಕಾಯಲು ಆಗುತ್ತದೆಯೇ?

ಇಷ್ಟರಲ್ಲಿ ಅಮೆರಿಕದ ಖಜಾನೆ ಇಲಾಖೆ ಒಂದು ವಿಷಯ ಕಂಡುಕೊಂಡಿತ್ತು. ದುಡ್ಡಿನ ಹಿಂದೆ ಓಡುವುದಕ್ಕಿಂತ ದುಡ್ಡು ಹಾದು ಹೋಗುವ ಬಾಗಿಲಲ್ಲಿ ನಿಲ್ಲುವುದು ಸುಲಭ. ಬೈರೂತಿನ ವ್ಯಾಪಾರಿ ಒಬ್ಬ ಚೀನಾದಿಂದ ಟೈಲ್ಸ್ ತರಿಸುತ್ತಾನೆ ಅಂತಿಟ್ಟುಕೊಳ್ಳಿ. ಲೆಕ್ಕ ಡಾಲರಿನಲ್ಲಿ. ಲೆಬನಾನಿನ ಬ್ಯಾಂಕಿಂದ ಚೀನಾದ ಬ್ಯಾಂಕಿಗೆ ಆ ಡಾಲರು ಸೀದಾ ಹೋಗುವುದಿಲ್ಲ. ಎರಡೂ ಬ್ಯಾಂಕುಗಳು ನ್ಯೂಯಾರ್ಕಿನ ಯಾವುದಾದರೂ ದೊಡ್ಡ ಬ್ಯಾಂಕಿನಲ್ಲಿ ತಮ್ಮದೊಂದು ಖಾತೆ ಇಟ್ಟಿರುತ್ತವೆ, ಕರೆಸ್ಪಾಂಡೆಂಟ್ ಖಾತೆ ಅಂತ ಅದರ ಹೆಸರು, ಅಲ್ಲೇ ಒಂದರಿಂದ ಇನ್ನೊಂದಕ್ಕೆ ಜಮಾ ಆಗುತ್ತದೆ. ಆ ಖಾತೆ ಮುಚ್ಚಿದರೆ ಬ್ಯಾಂಕಿಗೆ ಡಾಲರೇ ಇಲ್ಲ. ಸಾಲ, ಠೇವಣಿ, ಆಮದು ಎಲ್ಲ ಡಾಲರಿನ ಮೇಲೆ ನಿಂತಿರುವ ಲೆಬನಾನಿನಂಥ ದೇಶದಲ್ಲಿ ಡಾಲರಿಲ್ಲದ ಬ್ಯಾಂಕ್ ಹೆಚ್ಚು ದಿನ ಬದುಕುವುದಿಲ್ಲ.

ಇದರ ಶಕ್ತಿ ಲೆಬನಾನಿಗೆ ಗೊತ್ತಾಗಿದ್ದು 2011ರ ಫೆಬ್ರವರಿಯಲ್ಲಿ. ಲೆಬನೀಸ್ ಕೆನೇಡಿಯನ್ ಬ್ಯಾಂಕ್ ಎಂಬ ಬ್ಯಾಂಕನ್ನು ಖಜಾನೆ ಇಲಾಖೆ ಕಪ್ಪುಹಣ ಬಿಳಿ ಮಾಡುವ ಜಾಗ ಎಂದು ಘೋಷಿಸಿತು. ಆರೋಪ ಹೀಗಿತ್ತು: ಮಾದಕ ವಸ್ತು ಮಾರಿದ ದುಡ್ಡು, ಅಮೆರಿಕದಿಂದ ಪಶ್ಚಿಮ ಆಫ್ರಿಕಕ್ಕೆ ಹಡಗಿನಲ್ಲಿ ಹೋದ ಹಳೇ ಕಾರುಗಳನ್ನು ಮಾರಿದ ದುಡ್ಡು, ಎರಡನ್ನೂ ಬೆರೆಸಿ ಲೆಬನಾನಿಗೆ ತರಲಾಗುತ್ತಿತ್ತು, ಅದರಲ್ಲಿ ಒಂದು ಪಾಲು ಹಿಜ್ಬುಲ್ಲಾಗೆ ಹೋಗುತ್ತಿತ್ತು. ಕೆಲವೇ ತಿಂಗಳಲ್ಲಿ ಬ್ಯಾಂಕಿನ ಆಸ್ತಿ ಇನ್ನೊಂದು ಬ್ಯಾಂಕಿನ ಪಾಲಾಯಿತು. 2013ರಲ್ಲಿ 10.2 ಕೋಟಿ ಡಾಲರ್ ಕಟ್ಟಿ ಪ್ರಕರಣ ರಾಜಿಯಲ್ಲಿ ಮುಗಿಯಿತು. ಒಂದು ಗುಂಡು ಹಾರದೆ ಒಂದು ಬ್ಯಾಂಕ್ ಇಲ್ಲವಾಗಿತ್ತು.

ಆಮೇಲೆ ಬಂದದ್ದೇ ಹಿಜ್ಬುಲ್ಲಾಗೆಂದೇ ಮಾಡಿದ ಕಾಯ್ದೆ. ಅಮೆರಿಕದ ಕೆಳಮನೆಯಲ್ಲಿ ಪರ 425 ಮತ, ವಿರೋಧ ಸೊನ್ನೆ. 2015ರ ಡಿಸೆಂಬರ್ 18ರಂದು ಬರಾಕ್ ಒಬಾಮ ಸಹಿ ಹಾಕಿದರು. ತಿರುಳು ಸರಳ. ಯಾವ ದೇಶದ ಬ್ಯಾಂಕೇ ಆಗಲಿ, ಗೊತ್ತಿದ್ದೂ ಹಿಜ್ಬುಲ್ಲಾಗಾಗಿ ದೊಡ್ಡ ವ್ಯವಹಾರ ನಡೆಸಿಕೊಟ್ಟರೆ ಅದರ ನ್ಯೂಯಾರ್ಕ್ ಖಾತೆ ಹೋಗುತ್ತದೆ.

'ಗೊತ್ತಿದ್ದೂ', 'ದೊಡ್ಡ' ಎಂಬ ಎರಡು ಪದಗಳಲ್ಲೇ ತೊಂದರೆ ಇರುವುದು. ಹಿಜ್ಬುಲ್ಲಾ ಬರೀ ಬಂದೂಕು ಹಿಡಿದ ಗುಂಪಲ್ಲ. ಸಂಸತ್ತಿನಲ್ಲಿ ಅದರ ಸದಸ್ಯರಿದ್ದಾರೆ, ಮಂತ್ರಿಗಳಿದ್ದರು, ಆಸ್ಪತ್ರೆ, ಶಾಲೆ, ಟೀವಿ ಚಾನೆಲ್ ಎಲ್ಲ ಇದೆ. ಸಂಸದನ ಸಂಬಳದ ಖಾತೆ ಹಿಜ್ಬುಲ್ಲಾದ ಖಾತೆಯೇ? ಅದರ ಆಸ್ಪತ್ರೆಗೆ ಔಷಧ ಕೊಡುವ ಅಂಗಡಿಯವನ ಖಾತೆ? ದಕ್ಷಿಣ ಲೆಬನಾನಿನಲ್ಲಿ ಹುಟ್ಟಿ ಆಫ್ರಿಕದಲ್ಲಿ ವ್ಯಾಪಾರ ಮಾಡುವ ಶಿಯಾ ಒಬ್ಬನ ಖಾತೆ? ಬ್ಯಾಂಕ್ ಮ್ಯಾನೇಜರ್ ಜಾಗದಲ್ಲಿ ಕೂತು ಯೋಚಿಸಿ. ಖಾತೆ ಮುಚ್ಚಿದರೆ ಒಬ್ಬ ಗ್ರಾಹಕ ಹೋಗುತ್ತಾನೆ. ಇಟ್ಟುಕೊಂಡರೆ ಬ್ಯಾಂಕೇ ಹೋಗಬಹುದು. ಅವನು ಯಾವುದನ್ನು ಆರಿಸುತ್ತಾನೆ ಅಂತ ಹೇಳಬೇಕಿಲ್ಲ. 2016ರ ಮೇ ತಿಂಗಳಲ್ಲಿ ಲೆಬನಾನಿನ ಕೇಂದ್ರ ಬ್ಯಾಂಕಿನ ಗವರ್ನರ್ ರಿಯಾದ್ ಸಲಾಮೆ ಅಮೆರಿಕದ ಕಾಯ್ದೆ ಪಾಲಿಸಿ ಅಂತ ಸುತ್ತೋಲೆ ಹೊರಡಿಸಿದರು. ಬ್ಯಾಂಕುಗಳು ಅತಿಯಾಗಿ ಹೆದರಿ ಸಿಕ್ಕಸಿಕ್ಕ ಖಾತೆ ಮುಚ್ಚಬಾರದು ಅಂತ, ಮುಚ್ಚುವ ಮುನ್ನ ಕಾರಣ ಕೊಟ್ಟು 30 ದಿನ ಕಾಯಬೇಕು ಎಂದೂ ಹೇಳಬೇಕಾಯಿತು. ಇಷ್ಟು ಸಣ್ಣ ರಕ್ಷಣೆಯೂ ಬಂದದ್ದು ಬೈರೂತಿನಿಂದ, ಮೂಲ ಕಾಯ್ದೆ ಬರೆದವರಿಂದಲ್ಲ. ಬ್ಲೋಮ್ ಬ್ಯಾಂಕಿನ ಬಾಂಬ್ ಸಿಡಿದದ್ದು ಈ ಗಲಾಟೆಯ ನಡುವೆ.

ಬಾಂಬ್ ಸಿಡಿದ ಎರಡು ವಾರಕ್ಕೆ ಹಿಜ್ಬುಲ್ಲಾ ಮುಖಂಡ ಹಸನ್ ನಸ್ರಲ್ಲಾ ಭಾಷಣ ಮಾಡಿದರು. ನಮ್ಮ ಸಂಬಳ, ಖರ್ಚು, ಆಯುಧ ಎಲ್ಲವೂ ಇರಾನಿನಿಂದ ಬರುತ್ತವೆ, ಬ್ಯಾಂಕುಗಳ ಮೂಲಕ ಬರುವುದಿಲ್ಲ ಅಂತ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು. ಇರಾನ್ ವರ್ಷಕ್ಕೆ 70 ಕೋಟಿ ಡಾಲರಿಗೂ ಹೆಚ್ಚು ಕೊಡುತ್ತಿದೆ ಎಂದು 2018ರಲ್ಲಿ ಅಮೆರಿಕದ ಖಜಾನೆ ಇಲಾಖೆಯೇ ಹೇಳಿತು. ಬಂದೂಕಿನ ದುಡ್ಡು ಒಂದು ದಾರಿಯಲ್ಲಿ ಬರುತ್ತಿದ್ದರೆ ಕಾವಲು ಜಾಸ್ತಿ ಇದ್ದದ್ದು ಇನ್ನೊಂದು ದಾರಿಗೆ. ಹಾಗಂತ ಕಾಯ್ದೆಯಿಂದ ಏನೂ ಆಗಲಿಲ್ಲ ಎನ್ನುವುದು ತಪ್ಪು. ಇರಾನಿನ ಮೇಲೆ ಅಮೆರಿಕ ಮತ್ತೆ ನಿರ್ಬಂಧ ಹೇರಿದ ಮೇಲೆ, 2019ರ ಮಾರ್ಚಿನಲ್ಲಿ ಅದೇ ನಸ್ರಲ್ಲಾ ಬೆಂಬಲಿಗರಿಂದ ಬಹಿರಂಗವಾಗಿ ದೇಣಿಗೆ ಕೇಳಿದರು. ಬಿಸಿ ತಟ್ಟಿತ್ತು, ಸಂಶಯ ಬೇಡ.

2018ರ ಅಕ್ಟೋಬರಿನಲ್ಲಿ ಡೊನಾಲ್ಡ್ ಟ್ರಂಪ್ ತಿದ್ದುಪಡಿಗೆ ಸಹಿ ಮಾಡಿ ಕಾಯ್ದೆಯನ್ನು ಇನ್ನಷ್ಟು ಬಿಗಿ ಮಾಡಿದರು. 2019ರ ಆಗಸ್ಟ್ 29ರಂದು ಜಮ್ಮಾಲ್ ಟ್ರಸ್ಟ್ ಬ್ಯಾಂಕಿನ ಸರದಿ. ಹೆಸರು ಪಟ್ಟಿಗೆ ಬಂದ ಕೆಲವೇ ವಾರಗಳಲ್ಲಿ ಅದು ತಾನೇ ಬಾಗಿಲು ಮುಚ್ಚಿತು.

ಅಷ್ಟರಲ್ಲಿ ಲೆಬನಾನಿನ ಬ್ಯಾಂಕುಗಳೇ ಕುಸಿದವು. ಇದಕ್ಕೆ ಕಾರಣ ನಿರ್ಬಂಧಗಳು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸರ್ಕಾರ, ಕೇಂದ್ರ ಬ್ಯಾಂಕ್, ಬ್ಯಾಂಕುಗಳು ಸೇರಿ ವರ್ಷಗಟ್ಟಲೆ ಜನರ ಠೇವಣಿ ತೆಗೆದು ಹಳೇ ಸಾಲ ತುಂಬಿಸಿದ್ದೇ ಮುಖ್ಯ ಕಾರಣ. 2019ರ ಅಕ್ಟೋಬರಿನ ನಂತರ ತಮ್ಮದೇ ದುಡ್ಡು ತೆಗೆಯಲು ಜನ ಬ್ಯಾಂಕಿನ ಮುಂದೆ ಅಂಗಲಾಚಬೇಕಾಯಿತು. ಎಲ್ಲ ವ್ಯವಹಾರ ನೋಟಿಗೆ ಇಳಿಯಿತು. 2022ರಲ್ಲಿ ನಗದು ವ್ಯವಹಾರ ದೇಶದ ಒಟ್ಟು ಉತ್ಪನ್ನದ (ಜಿಡಿಪಿ) ಸುಮಾರು 46 ಶೇಕಡಾ ಇತ್ತು ಎಂಬುದು ವಿಶ್ವಬ್ಯಾಂಕಿನ ಅಂದಾಜು. ಬ್ಯಾಂಕನ್ನು ಹಿಡಿದು ಅಲ್ಲಾಡಿಸುವ ಕಾಯ್ದೆಗೆ ಹಿಡಿಯಲು ಬ್ಯಾಂಕೇ ಇಲ್ಲ ಅಂದ ಹಾಗಾಯಿತು.

ಆ ಖಾಲಿ ಜಾಗದಲ್ಲಿ ಬೆಳೆದದ್ದು ಅಲ್ ಖರ್ದ್ ಅಲ್ ಹಸನ್. ಹಿಜ್ಬುಲ್ಲಾಗೆ ಸೇರಿದ ಸಂಸ್ಥೆ, 1980ರ ದಶಕದಲ್ಲಿ ಶುರುವಾದದ್ದು. ಬ್ಯಾಂಕಿನ ಲೈಸೆನ್ಸ್ ಇಲ್ಲ. ಅಮೆರಿಕ 2007ರಲ್ಲೇ ಅದರ ಮೇಲೆ ನಿರ್ಬಂಧ ಹಾಕಿತ್ತು. ಮುಖ್ಯ ಕೆಲಸ ನಮ್ಮೂರಿನ ಗಿರವಿ ಅಂಗಡಿಯಂಥದ್ದೇ: ಚಿನ್ನ ಇಟ್ಟು ಸಾಲ ತಗೊಳ್ಳಿ. ಬಡ್ಡಿ ಮಾತ್ರ ಇಲ್ಲ. ಬ್ಯಾಂಕ್ ಕೈಕೊಟ್ಟ ಮೇಲೆ ಮದುವೆಯ ಬಳೆ ಹಿಡಿದುಕೊಂಡು ಜನ ಅಲ್ಲಿಗೆ ಹೋದರು. ಅವರೆಲ್ಲರೂ ಹೋರಾಟಗಾರರಲ್ಲ. ಆದರೆ ಅವರ ಬಳೆ ಹಿಜ್ಬುಲ್ಲಾದ ತಿಜೋರಿಯಲ್ಲಿತ್ತು, ಅದೂ ಸುಳ್ಳಲ್ಲ.

2024ರ ಅಕ್ಟೋಬರ್ 20ರ ರಾತ್ರಿ, ಹಿಜ್ಬುಲ್ಲಾ ಜೊತೆ ಯುದ್ಧ ನಡೆಸುತ್ತಿದ್ದ ಇಸ್ರೇಲ್ ಅದರ ಶಾಖೆಗಳ ಮೇಲೆ ಬಾಂಬ್ ಹಾಕಿತು. 2025ರ ಜುಲೈನಲ್ಲಿ ಲೆಬನಾನಿನ ಕೇಂದ್ರ ಬ್ಯಾಂಕ್, ಲೈಸೆನ್ಸ್ ಇರುವ ಯಾವ ಬ್ಯಾಂಕೂ ಅದರ ಜೊತೆ ವ್ಯವಹಾರ ಮಾಡಬಾರದು ಎಂದು ಆದೇಶಿಸಿತು. ಆ ಹೊತ್ತಿಗೂ, 2019ರಲ್ಲಿ ಅದೇ ಲೈಸೆನ್ಸ್ ಇರುವ ಬ್ಯಾಂಕುಗಳಲ್ಲಿ ಸಿಕ್ಕಿಕೊಂಡ ಠೇವಣಿ ಜನರಿಗೆ ಪೂರ್ತಿ ವಾಪಸ್ ಬಂದಿರಲಿಲ್ಲ.