ಸಂವಿಧಾನದ 17ನೇ ವಿಧಿಯಿಂದ ಮ್ಯಾನ್‌ಹೋಲ್‌ವರೆಗೆ

ನಮ್ಮ ದೇಶದಲ್ಲಿ ಮಲ ಹೊರುವ ಪದ್ಧತಿ ಇನ್ನೂ ಇದೆಯಾ? ಸಂಸತ್ತಿನಲ್ಲಿ ಯಾರಾದರೂ ಕೇಳಿದರೆ, ಈಗ ಅಂಥದ್ದು ಎಲ್ಲೂ ವರದಿಯಾಗಿಲ್ಲ ಎಂಬ ಉತ್ತರ ಬರುತ್ತದೆ. ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಸ್ವಚ್ಛ ಮಾಡುವಾಗ ಎಷ್ಟು ಜನ ಸತ್ತರು ಎಂದು ಕೇಳಿದರೆ ಅದಕ್ಕೂ ಲೆಕ್ಕ ಸಿಗುತ್ತದೆ. ಮಲ ಹೊರುವವರು ಯಾರೂ ಇಲ್ಲ, ಆದರೆ ಮಲದ ಗುಂಡಿಯಲ್ಲಿ ಸಾಯುವವರು ಇದ್ದಾರೆ. ಈ ಎರಡು ಉತ್ತರ ಒಟ್ಟಿಗೆ ನಿಂತದ್ದು ಹೇಗೆ ಅಂತ ತಿಳಿಯಬೇಕಾದರೆ 75 ವರ್ಷ ಹಿಂದಕ್ಕೆ ಹೋಗಬೇಕು.

1948ರ ನವೆಂಬರ್ 29ರಂದು ಸಂವಿಧಾನ ಸಭೆಯ ಮುಂದೆ ಅಸ್ಪೃಶ್ಯತೆಯನ್ನು ರದ್ದು ಮಾಡುವ ವಿಧಿ ಬಂತು. ಕರಡಿನಲ್ಲಿ ಅದು 11ನೇ ವಿಧಿ, ಈಗಿನ 17ನೇ ವಿಧಿ. ಸಭೆ ಅದನ್ನು ಒಪ್ಪಿದಾಗ 'ಮಹಾತ್ಮ ಗಾಂಧಿ ಕಿ ಜೈ' ಎಂಬ ಘೋಷಣೆ ಮೊಳಗಿತು. ಅಸ್ಪೃಶ್ಯತೆ ಅಂದರೆ ಏನು ಅಂತ ವಿಧಿಯಲ್ಲೇ ಬಿಡಿಸಿ ಹೇಳಬೇಕೆಂದು ಕೆಲವು ಸದಸ್ಯರು ಕೇಳಿದ್ದರು. ಅದು ಸೇರಲಿಲ್ಲ. ಮರುವರ್ಷ ಅದೇ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದರು: ರಾಜಕೀಯದಲ್ಲಿ ಸಮಾನತೆ ಬರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಹಾಗೇ ಇರುತ್ತದೆ, ಈ ವಿರೋಧಾಭಾಸದೊಳಗೆ ನಾವು ಕಾಲಿಡುತ್ತಿದ್ದೇವೆ ಎಂದು.

ಮುಂದಿನ ನಾಲ್ಕು ದಶಕವನ್ನು ಬೇಗ ಹೇಳಿ ಮುಗಿಸಬಹುದು. 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಬಂತು, 1976ರಲ್ಲಿ ಅದರ ಹೆಸರು ಬದಲಾಯಿತು, ಈ ದಶಕಗಳಲ್ಲೇ ಮಲ ಹೊರುವವರ ಸ್ಥಿತಿ ನೋಡಲು ನೇಮಿಸಿದ್ದ ಬರ್ವೆ ಸಮಿತಿ, ಮಲ್ಕಾನಿ ಸಮಿತಿ ವರದಿ ಕೊಟ್ಟವು. ಆ ವರದಿಗಳ ಮುಖ್ಯ ಕಾಳಜಿ ತಲೆ ಮೇಲಿನ ಬುಟ್ಟಿಯಾಗಿತ್ತು. ಅದರ ಬದಲು ಕೈಗಾಡಿ ಕೊಡಿ ಎನ್ನುವುದು ಸಲಹೆ. ಕೆಲಸ ಸ್ವಲ್ಪ ಹಗುರವಾಗುತ್ತಿತ್ತು ನಿಜ, ಆದರೆ ಮಾಡುವವರು ಅದೇ ಜನ, ಅದೇ ಕೇರಿಯವರು. ಕರ್ನಾಟಕದಲ್ಲಿ 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪ ಅವರು ತಲೆ ಮೇಲೆ ಮಲ ಹೊರುವುದನ್ನೇ ನಿಷೇಧಿಸಿದರು. ದೇಶಕ್ಕೆ ಇಂಥ ಕಾಯ್ದೆ ಬಂದದ್ದು ಅದಾಗಿ ಸುಮಾರು 20 ವರ್ಷದ ನಂತರ. ಈ ವಿಷಯದಲ್ಲಿ ನಮ್ಮ ರಾಜ್ಯ ಮುಂದಿತ್ತು, ಅದನ್ನು ಹೆಮ್ಮೆಯಿಂದಲೇ ಹೇಳಬೇಕು.

ಆದರೆ ಅದೇ ರಾಜ್ಯದ ಕೋಲಾರ ಚಿನ್ನದ ಗಣಿ ಪ್ರದೇಶದ ಕಥೆಯನ್ನೂ ಹೇಳಬೇಕು. ಕೆಜಿಎಫ್‌ಗೆ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು 1902ರಲ್ಲಿ, ಬೆಂಗಳೂರಿಗಿಂತಲೂ ಮೊದಲು. ಗಣಿ 3 ಕಿ.ಮೀ.ಗಿಂತ ಆಳಕ್ಕೆ ಹೋಯಿತು. ಅಷ್ಟು ಆಳದಿಂದ ಅದಿರು ಎತ್ತುವ ಯಂತ್ರಗಳಿದ್ದ ಊರಿನಲ್ಲಿ, ಕಾರ್ಮಿಕರ ಲೈನ್ ಮನೆಗಳ ಸಾಲು ಕಕ್ಕಸುಗಳನ್ನು ಮನುಷ್ಯರು ಕೈಯಿಂದ ಬಳಿಯುತ್ತಿದ್ದರು.

ಒಣ ಕಕ್ಕಸು ಈಗಿನವರಿಗೆ ಗೊತ್ತಿರಲಾರದು. ಅದಕ್ಕೆ ನೀರಿಲ್ಲ, ಪೈಪಿಲ್ಲ. ಕೂರುವ ಜಾಗದಲ್ಲಿ ಒಂದು ಕಂಡಿ, ಹಿಂಬದಿಯ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು. ಬೆಳಿಗ್ಗೆ ಒಬ್ಬರು, ಹೆಚ್ಚಾಗಿ ಹೆಂಗಸು, ತಗಡಿನ ತುಂಡು, ಪೊರಕೆ, ಬಕೆಟ್ ಹಿಡಿದು ಆ ಬಾಗಿಲ ಹತ್ತಿರ ಬರುತ್ತಾರೆ. ಬೂದಿ ಹಾಕಿ ಕೆರೆದು ಬಕೆಟ್‌ಗೆ ತುಂಬುತ್ತಾರೆ. ತುಂಬಿದ್ದನ್ನು ದೂರದ ಗುಂಡಿಗೆ ಒಯ್ದು ಸುರಿಯುತ್ತಾರೆ. ಮಳೆ ಬಂದ ದಿನ ಬಕೆಟ್ ತುಳುಕಿ ಮೈಮೇಲೆ ಇಳಿಯುತ್ತದೆ. ಮುಂಬಾಗಿಲಿನಿಂದ ಬರುವವರಿಗೆ ಹಿಂಬಾಗಿಲಿನವರ ಮುಖ ಕಾಣದಂತೆಯೇ ಆ ಕಟ್ಟಡ ಕಟ್ಟಿರುತ್ತಾರೆ.

ಈ ಕೆಲಸ ಮಾಡುತ್ತಿದ್ದ ಕೆಜಿಎಫ್‌ನ ಒಂದು ಕುಟುಂಬದಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಊರಿನಲ್ಲಿ ಒಣ ಕಕ್ಕಸು ಇದೆ ಎಂದು ಒಪ್ಪಿಸುವುದಕ್ಕೇ ಅವರು 1980ರ ದಶಕದಿಂದ ಪತ್ರ ಬರೆಯಬೇಕಾಯಿತು, ಫೋಟೊ ತೆಗೆದು ತೋರಿಸಬೇಕಾಯಿತು. ಅಲ್ಲಿಂದ ಬೆಳೆದದ್ದು ಸಫಾಯಿ ಕರ್ಮಚಾರಿ ಆಂದೋಲನ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಕಣ್ಣೆದುರಿನ ಸತ್ಯಕ್ಕೆ ಪುರಾವೆ ಕೊಡಲು ಅವರು ಕಳೆದ ವರ್ಷಗಳ ಬಗ್ಗೆ ಮಾತಾಡಿದವರು ಕಡಿಮೆ.

ಮಲ ಹೊರಿಸುವುದನ್ನು ನಿಷೇಧಿಸುವ ಕೇಂದ್ರದ ಮೊದಲ ಕಾಯ್ದೆ 1993ರದು. ನೈರ್ಮಲ್ಯ ರಾಜ್ಯಗಳ ವಿಷಯವಾದ್ದರಿಂದ ರಾಜ್ಯಗಳು ಕೇಳಿಕೊಂಡರೆ ಮಾತ್ರ ಸಂಸತ್ತು ಕಾಯ್ದೆ ಮಾಡಬಹುದಿತ್ತು. ಹಾಗೆ ನಿರ್ಣಯ ಮಾಡಿ ಕೇಳಿಕೊಂಡದ್ದು ಆರು ರಾಜ್ಯಗಳು: ಆಂಧ್ರಪ್ರದೇಶ, ಗೋವಾ, ಕರ್ನಾಟಕ, ಮಹಾರಾಷ್ಟ್ರ, ತ್ರಿಪುರಾ, ಪಶ್ಚಿಮ ಬಂಗಾಳ. ಕಾಯ್ದೆ ಜಾರಿಗೆ ಬಂದದ್ದು 1997ರಲ್ಲಿ. ಉಳಿದ ರಾಜ್ಯಗಳು ಅದನ್ನು ಒಪ್ಪಿಕೊಳ್ಳಲು ತಮ್ಮದೇ ಸಮಯ ತೆಗೆದುಕೊಂಡವು. 2003ರಲ್ಲಿ ಆಂದೋಲನ ಸುಪ್ರೀಂ ಕೋರ್ಟ್‌ಗೆ ಹೋದಾಗ, ನಮ್ಮಲ್ಲಿ ಇದು ಇಲ್ಲವೇ ಇಲ್ಲ ಎಂದು ಎಷ್ಟೋ ಸರ್ಕಾರಗಳು ಅಫಿಡವಿಟ್ ಹಾಕಿದವು. ಮತ್ತೆ ಫೋಟೊ, ಮತ್ತೆ ಹೆಸರಿನ ಪಟ್ಟಿ. ಕೇಸು ಹತ್ತು ವರ್ಷ ದಾಟಿತು.

ಆ ಹತ್ತು ವರ್ಷದ ನಡುವೆ, 2010ರ ಜುಲೈ 20ರಂದು, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆ ಕಚೇರಿ ಮುಂದೆ ನಿಂತು ಮಲವನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡರು. ತಲೆಮಾರುಗಳಿಂದ ಊರಿನ ಕಕ್ಕಸು ಬಳಿದ ಕುಟುಂಬಗಳವು. ವಾಣಿಜ್ಯ ಸಂಕೀರ್ಣ ಕಟ್ಟುವುದಕ್ಕೆ ಅವರ ಮನೆಗಳನ್ನು ತೆರವು ಮಾಡಿಸುವ ಮಾತು ಬಂದಿತ್ತು. ಅರ್ಜಿ ಕೊಟ್ಟಾಗ ಯಾರೂ ತಿರುಗಿ ನೋಡಿರಲಿಲ್ಲ. ಆ ದಿನ ಇಡೀ ನಾಡು ನೋಡಿತು. ಜನ ಇಂಥ ದಾರಿ ಹಿಡಿಯುವಷ್ಟು ಬೇಸತ್ತಿದ್ದರು ಎನ್ನುವುದು ಇವತ್ತಿಗೂ ಸಂಕಟ ಕೊಡುತ್ತದೆ.

2011ರ ಜನಗಣತಿಯಲ್ಲಿ, ಮನುಷ್ಯರೇ ಮಲ ತೆಗೆಯುವ ಕಕ್ಕಸು ದೇಶದಲ್ಲಿ 7.94 ಲಕ್ಷ ಇವೆ ಎಂಬ ಲೆಕ್ಕ ಬಂತು. ಆಮೇಲೆ ಇಲ್ಲ ಎನ್ನುವುದು ಕಷ್ಟವಾಯಿತು. 2013ರಲ್ಲಿ ಹೊಸ ಕಾಯ್ದೆ ಬಂತು. ಈ ಸಲ ರಾಜ್ಯಗಳ ನಿರ್ಣಯಕ್ಕೆ ಕಾಯಲಿಲ್ಲ. ಡಿಸೆಂಬರ್ 6ಕ್ಕೆ, ಅಂಬೇಡ್ಕರ್ ತೀರಿಕೊಂಡ ದಿನದಂದು, ಜಾರಿಯಾಯಿತು. ಒಣ ಕಕ್ಕಸಿನ ಜೊತೆಗೆ ಚರಂಡಿ, ಗುಂಡಿ, ರೈಲು ಹಳಿಯನ್ನೂ ಅದು ಸೇರಿಸಿಕೊಂಡಿತು. ಒಳ್ಳೆಯ ಕಾಯ್ದೆಯೇ. ಆದರೆ ಅದರ ವಿವರಣೆಯ ಭಾಗದಲ್ಲಿ ಒಂದು ಸಾಲಿದೆ: ಸರ್ಕಾರ ಸೂಚಿಸಿದ ಉಪಕರಣ, ರಕ್ಷಣಾ ಸಾಧನ ಬಳಸಿ ಮಲ ತೆಗೆಯುವವರನ್ನು ಮಲ ಹೊರುವವರು ಎಂದು ಲೆಕ್ಕಿಸುವಂತಿಲ್ಲ. ಲೇಖನದ ಮೊದಲಿಗೆ ಹೇಳಿದ ಎರಡು ಉತ್ತರಗಳ ಗಂಟು ಇರುವುದು ಹೆಚ್ಚು ಕಡಿಮೆ ಇಲ್ಲೇ. ಕೈಗವಸು ಕೊಟ್ಟರೆ ಪಟ್ಟಿಯಿಂದ ಹೆಸರು ಹೋಗಬಹುದು. ಮ್ಯಾನ್‌ಹೋಲ್‌ನಲ್ಲಿ ಸತ್ತರೆ ಅದು 'ಅಪಾಯಕಾರಿ ಸ್ವಚ್ಛತಾ ಕೆಲಸ', ಬೇರೆಯದೇ ಲೆಕ್ಕ.

2013 ಮತ್ತು 2018ರ ಸಮೀಕ್ಷೆಗಳಲ್ಲಿ 58,098 ಜನ ಮಲ ಹೊರುವವರು ಎಂದು ಗುರುತಾದರು. ಅವರಲ್ಲಿ ಜಾತಿಯ ವಿವರ ಸಿಕ್ಕಿದ್ದು 43,797 ಜನರದು. ಆ ಪೈಕಿ 42,594 ಮಂದಿ ಪರಿಶಿಷ್ಟ ಜಾತಿಯವರು. 17ನೇ ವಿಧಿಯಲ್ಲಿ ವಿವರಣೆ ಸೇರಿಸದೆ ಬಿಟ್ಟರಲ್ವಾ, ಈ ಅಂಕಿಗಿಂತ ದೊಡ್ಡ ವಿವರಣೆ ಬೇಕಾ? ಗುರುತಾದವರಿಗೆ ಒಂದೇ ಸಲದ ನೆರವಾಗಿ ಸಿಕ್ಕಿದ್ದು 40,000 ರೂಪಾಯಿ.

ಇಷ್ಟರಲ್ಲಿ ಕಕ್ಕಸಿನ ರೂಪ ಬದಲಾಗಿತ್ತು. ಸ್ವಚ್ಛ ಭಾರತದಲ್ಲಿ ಹಳ್ಳಿಗಳಲ್ಲೇ 10 ಕೋಟಿಗೂ ಜಾಸ್ತಿ ಶೌಚಾಲಯ ಕಟ್ಟಿದರು. ರೈಲಿಗೆ ಬಯೋ ಟಾಯ್ಲೆಟ್ ಬಂತು. ಒಣ ಕಕ್ಕಸು ಬಹುಪಾಲು ಹೋಯಿತು, ಇದು ದೊಡ್ಡ ಸಾಧನೆ. ಆದರೆ ಸೆಪ್ಟಿಕ್ ಟ್ಯಾಂಕ್ ಕೆಲವು ವರ್ಷಕ್ಕೆ ತುಂಬುತ್ತದೆ. ಸಕ್ಕಿಂಗ್ ಮಷಿನ್ ಮೇಲಿನ ನೀರನ್ನು ಎಳೆಯುತ್ತದೆ, ತಳದಲ್ಲಿ ಗಟ್ಟಿಯಾದ ಹೂಳು ಉಳಿಯುತ್ತದೆ. ಓಣಿ ಕಿರಿದಾದರೆ ಲಾರಿಯೇ ಒಳಗೆ ಬರುವುದಿಲ್ಲ. ಆಗ ಒಬ್ಬರನ್ನು ಇಳಿಸುತ್ತಾರೆ.

ಒಳಗಿರುವುದು ಹೈಡ್ರೋಜನ್ ಸಲ್ಫೈಡ್. ಕಡಿಮೆ ಇದ್ದರೆ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ವಾಸನೆ ನಿಂತಿತು ಅಂದುಕೊಳ್ಳುವಷ್ಟರಲ್ಲಿ ಪ್ರಜ್ಞೆ ಹೋಗುತ್ತದೆ. ಮೇಲಿದ್ದವನು ಕೂಗುತ್ತಾನೆ, ಉತ್ತರವಿಲ್ಲ, ಎತ್ತಲು ಅವನೂ ಇಳಿಯುತ್ತಾನೆ. ಇಂಥ ಸುದ್ದಿಗಳಲ್ಲಿ ಇಬ್ಬರು, ಮೂವರು ಒಟ್ಟಿಗೆ ಸತ್ತಿರುವುದು ಇದಕ್ಕೇ. ಎಷ್ಟೋ ಸಲ ಅವರು ಒಂದೇ ಮನೆಯವರು.

2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್, 1993ರಿಂದ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ ಕೊಡಿ ಎಂದಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಈ ಕೆಲಸ ಪೂರ್ತಿ ನಿಲ್ಲಬೇಕು ಎಂದು ಆದೇಶಿಸಿತು. ಪರಿಹಾರದ ಮೊತ್ತ ಏರುತ್ತಿದೆ. ಜೈಲಿಗೆ ಹೋದವರನ್ನು ಹುಡುಕಿದರೆ ಬೆರಳೆಣಿಕೆ. ಮೇಲೆ ಟೆಂಡರ್, ಕೆಳಗೆ ಗುತ್ತಿಗೆ, ಅದರ ಕೆಳಗೆ ಫೋನ್ ಮಾಡಿ ಕರೆಸಿದ ದಿನಗೂಲಿ. ಸತ್ತವರು ಯಾರ ನೌಕರ ಎಂಬ ಪ್ರಶ್ನೆಗೇ ವರ್ಷಗಟ್ಟಲೆ ಉತ್ತರ ಸಿಗುವುದಿಲ್ಲ.

2013ರ ಕಾಯ್ದೆಯ 7ನೇ ಸೆಕ್ಷನ್ ಬರೀ ಪಾಲಿಕೆ, ಜಲಮಂಡಳಿಗಳಿಗೆ ಮಾತ್ರ ಅಲ್ಲ. ಯಾವ ವ್ಯಕ್ತಿಯೂ ರಕ್ಷಣೆಯ ವ್ಯವಸ್ಥೆ ಇಲ್ಲದೆ ಯಾರನ್ನೂ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಸ್ವಚ್ಛತೆಗೆ ನೇಮಿಸುವಂತಿಲ್ಲ, ನೇರವಾಗಿಯೂ, ಬೇರೆಯವರ ಮೂಲಕವೂ. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಮನೆ ಮಾಲೀಕರಿಗೂ, ಹೋಟೆಲ್‌ನವರಿಗೂ, ತಮ್ಮದೇ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಇರುವ ಅಪಾರ್ಟ್‌ಮೆಂಟ್ ಸಂಘಗಳಿಗೂ ಇದು ಅನ್ವಯಿಸುತ್ತದೆ.